ಸ್ವಹಸ್ತದ ಎಲೆಕಟ್ಟು

ಎಲೆಯಾಟವೆಂಬ ಮಾತು ಕಿವಿಗೆ ಬಿದ್ದೊಡನೆಯೇ ನಮ್ಮ ಮನೆಗಳಲ್ಲಿ ಹಿರಿಯರ ಹುಬ್ಬು ಗಂಟಿಕ್ಕುವುದು ಸಹಜವೇ ಸರಿ. ಇಸ್ಪೀಟು, ಪಣ, ಸಾಲ, ಮನೆಯ ಹಾಳು ಇವು ಒಂದರ ಬೆನ್ನಿಗೊಂದು ಬಂದದ್ದನ್ನು ಕಣ್ಣಾರೆ ಕಂಡವರು ಎಷ್ಟೋ ಮಂದಿ ಇರುವರು. ಹೀಗಿರಲು, ಬಾಲಿಕೆಯರ ಹೈಸ್ಕೂಲಿನ ಸ್ಮರಣ ಸಂಚಿಕೆಯಲ್ಲಿ ಎಲೆಯಾಟವನ್ನು ಕುರಿತ ಲೇಖನವೇಕೆಂದು ಕೆಲವರು ಕೇಳಬಹುದು. ಇದಕ್ಕೆ ಕಾರಣವುಂಟು. ಈಚಿನ ವರ್ಷಗಳಲ್ಲಿ ಮಕ್ಕಳ ಕೈಗೆ ಬೇರೊಂದು ಜಾತಿಯ ಎಲೆಗಳು ಬಂದು ಸೇರಿವೆ. ಅವುಗಳಿಗೆ ಟ್ರೇಡಿಂಗ್ ಕಾರ್ಡುಗಳೆಂದು ಹೆಸರು. ಕೊಡು-ಕೊಳ್ಳುವ ಎಲೆಗಳೆಂದು ಅರ್ಥ. ಅವುಗಳ ವಿಷಯವಾಗಿ ಪೋಷಕರು ಎರಡು ಪ್ರಶ್ನೆಗಳನ್ನು ಕೇಳುತ್ತಿರುತ್ತಾರೆ: ಇದು ಜೂಜೇ, ಅಲ್ಲವೇ? ಇದಕ್ಕೆ ಇಷ್ಟು ಹಣವನ್ನು ಏಕೆ ಸುರಿಯಬೇಕು? ಆಟದ ಮರ್ಮವನ್ನು ತಿಳಿಯದೆ ಈ ಪ್ರಶ್ನೆಗಳಿಗೆ ಹೌದೆಂದಾಗಲಿ ಅಲ್ಲವೆಂದಾಗಲಿ ಹೇಳುವುದು ನ್ಯಾಯವಲ್ಲ. ಆದಕಾರಣ ಮೊದಲು ಆಟವನ್ನು ವಿವರಿಸಿ, ತರುವಾಯ ಅದರ ಗುಣದೋಷಗಳನ್ನು ವಿಚಾರಿಸೋಣ.

ಸಾಮಾನ್ಯ ಇಸ್ಪೀಟಿನಲ್ಲಿ 52 ಎಲೆಗಳ ಒಂದೇ ಕಟ್ಟು ಇರುತ್ತದೆ. ಅದನ್ನು ಕಲಸಿ ಎಲ್ಲರಿಗೂ ಹಂಚುತ್ತಾರೆ. ಹಂಚುವವರೆಗೆ ಯಾರ ಕೈಯಲ್ಲಿಯೂ ಏನೂ ಇಲ್ಲ. ಹಂಚಿದ ಮೇಲೆ ಬಂದದ್ದು ಅದೃಷ್ಟ. ಈ ಹೊಸ ಆಟದಲ್ಲಾದರೋ ಪ್ರತಿಯೊಬ್ಬಳೂ ತನ್ನ ಕಟ್ಟನ್ನು ತಾನೇ ಆರಿಸಿ, ಮನೆಯಲ್ಲಿಯೇ ಕಟ್ಟಿಕೊಂಡು ಬರುತ್ತಾಳೆ. ಸಾವಿರಾರು ಬಗೆಯ ಎಲೆಗಳಲ್ಲಿ ಯಾವುದನ್ನು ತೆಗೆದುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಅವಳೇ ನಿರ್ಣಯಿಸಿರುತ್ತಾಳೆ. ಎದುರು ಕುಳಿತವಳ ಕಟ್ಟಿನಲ್ಲಿ ಏನಿದೆಯೆಂಬುದು ಇವಳಿಗೆ ತಿಳಿಯದು. ಇಸ್ಪೀಟು ಪಂಕ್ತಿಯ ಊಟವಾದರೆ ಇದು ಬುತ್ತಿಯ ಊಟ. ಪಂಕ್ತಿಯಲ್ಲಿ ಎಲ್ಲರ ಎಲೆಗೂ ಒಂದೇ ಅಡಿಗೆ. ಬುತ್ತಿಯಲ್ಲಿ ಅವರವರ ಮನೆಯ ಅಡಿಗೆ. ಈ ಆಟದ ಸೊಗಸೂ ತೊಡಕೂ ಎರಡೂ ಈ ಒಂದು ಭೇದದಿಂದಲೇ ಹುಟ್ಟಿವೆ ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಈ ಬಗೆಯ ಆಟಗಳಿಗೆಲ್ಲ ಮೊದಲನೆಯದು ಅಮೇರಿಕಾ ದೇಶದಲ್ಲಿ 1993ರ ಆಗಸ್ಟ್ ತಿಂಗಳಲ್ಲಿ ಹೊರಬಂದ 'ಮ್ಯಾಜಿಕ್: ದಿ ಗ್ಯಾದರಿಂಗ್' ಎಂಬುದು. ಇದನ್ನು ರಚಿಸಿದವರು ರಿಚರ್ಡ್ ಗಾರ್ಫೀಲ್ಡ್ ಎಂಬ ಗಣಿತಶಾಸ್ತ್ರಜ್ಞರು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದಲ್ಲಿ ಅವರು ವ್ಯಾಸಂಗ ಮಾಡಿದ್ದು ವಸ್ತುಗಳನ್ನು ಎಷ್ಟು ವಿಧದಲ್ಲಿ ಜೋಡಿಸಬಹುದೆಂದು ಎಣಿಸುವ ಗಣಿತವನ್ನು. 1991ರಲ್ಲಿ ಅವರು ಬೇರೊಂದು ಆಟದ ನಮೂನೆಯನ್ನು ಹಿಡಿದುಕೊಂಡು ಪೀಟರ್ ಆಡ್ಕಿಸನ್ ಎಂಬ ಪ್ರಕಾಶಕರ ಬಳಿಗೆ ಹೋದರು. ಆ ಆಟವನ್ನು ಅಚ್ಚು ಹಾಕಿಸುವಷ್ಟು ಬಂಡವಾಳವು ಆಡ್ಕಿಸನ್ನರಲ್ಲಿ ಇರಲಿಲ್ಲ. ಕೈಚೀಲದಲ್ಲಿ ಹಿಡಿಯುವಂಥ, ಸಮ್ಮೇಳನಗಳ ಬಿಡುವಿನ ವೇಳೆಯಲ್ಲಿ ಆಡಿ ಮುಗಿಸುವಂಥ ಚಿಕ್ಕ ಆಟವೊಂದು ಇದ್ದರೆ ತನ್ನಿರೆಂದು ಅವರು ಕೇಳಿಕೊಂಡರು. ಹೀಗೆ ಹಣದ ಅಭಾವವೇ ಹೊಸ ಆಟಕ್ಕೆ ಕಾರಣವಾಯಿತು.

ಇಲ್ಲಿ ನಮ್ಮ ವಿದ್ಯಾರ್ಥಿನಿಯರು ವಿಶೇಷವಾಗಿ ಗಮನಿಸತಕ್ಕ ಸಂಗತಿಯೊಂದುಂಟು. ಈಗ ಬಣ್ಣಬಣ್ಣದ ಹೊದಿಕೆಯಲ್ಲಿ ಮಾರಾಟವಾಗುವ ಈ ಆಟವು ಮೊದಲು ಹುಟ್ಟಿದ್ದು ಕೈಯಿಂದ ಮಾಡಿದ ಎಲೆಗಳಲ್ಲಿಯೇ. ಗಾರ್ಫೀಲ್ಡರು ಮೊದಲ ಪರೀಕ್ಷೆಗಾಗಿ 120 ಎಲೆಗಳನ್ನು ತಯಾರಿಸಿ, ತಾವೂ ಒಬ್ಬ ಮಿತ್ರರೂ ಪಾಲು ಮಾಡಿಕೊಂಡು ಆಡಿದರು. ಮುಂದೆ ಆ ಎಲೆಗಳ ಪ್ರತಿಗಳನ್ನು ತೆಗೆದು, ಬೇರೆ ಬೇರೆ ಪುಸ್ತಕಗಳಿಂದಲೂ ಪತ್ರಿಕೆಗಳಿಂದಲೂ ಕತ್ತರಿಸಿದ ಚಿತ್ರಗಳನ್ನು ಅಂಟಿಸಿ, ವಿಶ್ವವಿದ್ಯಾನಿಲಯದ ಗೆಳೆಯರಿಗೆ ಹಂಚಿದರು. ಆ ಗೆಳೆಯರು ತಿಂಗಳುಗಟ್ಟಲೆ ಆಡಿ, ಎಲೆಗಳನ್ನು ತಮ್ಮತಮ್ಮೊಳಗೆ ಬದಲಾಯಿಸಿಕೊಂಡು, ಲೋಪದೋಷಗಳನ್ನು ತಿದ್ದಿಸಿದರು. ಆದುದರಿಂದ ಕಾಗದ ಕತ್ತರಿಸಿ ಎಲೆ ಮಾಡಿಕೊಂಡು ಆಡುವುದು ಬಡತನದ ಗುರುತೆಂದು ನಾಚಿಕೊಳ್ಳುವ ಹುಡುಗಿಯು, ಆಟದ ಕರ್ತೃವೇ ಆಡಿದಂತೆ ತಾನೂ ಆಡುತ್ತಿದ್ದೇನೆಂದು ತಿಳಿದುಕೊಳ್ಳಲಿ.

ಈಗ ಆಟದ ಕ್ರಮವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಇಬ್ಬರು ಎದುರುಬದುರಾಗಿ ಕೂಡುತ್ತಾರೆ. ಒಬ್ಬೊಬ್ಬರ ಕಟ್ಟಿನಲ್ಲಿ ಕಡಿಮೆಯೆಂದರೆ 60 ಎಲೆಗಳಿರಬೇಕು. ಇಬ್ಬರಿಗೂ ತಲಾ 20 ಪ್ರಾಣಾಂಕಗಳು. ಎದುರಾಳಿಯ ಅಂಕಗಳನ್ನು ಸೊನ್ನೆಗೆ ಇಳಿಸಿದವಳು ಗೆದ್ದಂತೆ. ಕಟ್ಟು ಬರಿದಾಗಿ ಎಲೆ ಎಳೆಯಲಾರದವಳು ಸೋತಂತೆ. ಮೊದಲಿಗೆ ಕಟ್ಟನ್ನು ಚೆನ್ನಾಗಿ ಕಲಸಿ ಏಳು ಎಲೆಗಳನ್ನು ಕೈಗೆ ತೆಗೆದುಕೊಂಡು, ಆಮೇಲೆ ತನ್ನ ಸರದಿ ಬಂದಾಗಲೆಲ್ಲ ಒಂದೊಂದು ಎಲೆಯನ್ನು ಎಳೆಯಬೇಕು. ಮೊದಲು ಆಡುವವಳು ಮಾತ್ರ ತನ್ನ ಮೊದಲ ಸರದಿಯಲ್ಲಿ ಎಳೆಯಬಾರದು.

ಎಲೆಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಭೂಮಿಯ ಎಲೆಗಳು ಒಂದು, ಆ ಭೂಮಿಯ ಬಲದಿಂದ ಆಡುವ ಎಲೆಗಳು ಇನ್ನೊಂದು. ಒಂದು ಸರದಿಗೆ ಒಂದೇ ಭೂಮಿಯನ್ನು ಕೆಳಗಿಡಬಹುದು. ಭೂಮಿಯ ಎಲೆಯನ್ನು ಅಡ್ಡ ತಿರುಗಿಸಿದರೆ ಅದು ಒಂದು ಪ್ರಮಾಣ ಬಲವನ್ನು ಕೊಡುತ್ತದೆ. ಮುಂದಿನ ಸರದಿಯಲ್ಲಿ ಅದು ಪುನಃ ನೆಟ್ಟಗಾಗುತ್ತದೆ. ಉಳಿದ ಪ್ರತಿಯೊಂದು ಎಲೆಯ ತಲೆಯ ಮೇಲೂ ಅದರ ಕ್ರಯವು ಬರೆದಿರುತ್ತದೆ. ಎರಡು ಬಲದ ಕ್ರಯವುಳ್ಳ ಜೀವಿಯನ್ನು ಎರಡು ಭೂಮಿಗಳಿದ್ದರೆ ಆಡಬಹುದು. ಆರು ಬಲದ್ದನ್ನು ಆಡಬೇಕಾದರೆ ಆರು ಭೂಮಿಗಳು ಕೂಡುವವರೆಗೆ ಕಾಯಬೇಕು. ಜೀವಿಗಳು ಎದುರಾಳಿಯ ಮೇಲೆ ಏರಿ ಹೋಗುತ್ತವೆ. ಎದುರಾಳಿಯು ತನ್ನ ಜೀವಿಗಳನ್ನು ಅಡ್ಡ ನಿಲ್ಲಿಸಬಹುದು, ಇಲ್ಲವೆ ಪೆಟ್ಟನ್ನು ತಾಳಿಕೊಂಡು ಪ್ರಾಣಾಂಕವನ್ನು ಕಳೆಯಬಹುದು. ಇವಲ್ಲದೆ, ಆಡಿದೊಡನೆಯೇ ಫಲ ಕೊಟ್ಟು ಮುಗಿಯುವ ಮಂತ್ರದ ಎಲೆಗಳೂ ಉಂಟು.

ಬಲಕ್ಕೆ ಐದು ಬಣ್ಣಗಳಿವೆ: ಬಿಳಿ, ನೀಲಿ, ಕಪ್ಪು, ಕೆಂಪು, ಹಸುರು. ಬಯಲು ಸೀಮೆಯಿಂದ ಬಿಳಿಯ ಬಲ, ದ್ವೀಪದಿಂದ ನೀಲಿ, ಜೌಗಿನಿಂದ ಕಪ್ಪು, ಬೆಟ್ಟದಿಂದ ಕೆಂಪು, ಅಡವಿಯಿಂದ ಹಸುರು. ಪ್ರತಿಯೊಂದು ಬಣ್ಣಕ್ಕೂ ಒಂದೊಂದು ಸ್ವಭಾವ. ಬಿಳಿಯದು ಸಣ್ಣವರನ್ನು ಒಟ್ಟುಗೂಡಿಸುತ್ತದೆ; ನೀಲಿಯದು ಎದುರಾಳಿಯ ಆಟವನ್ನು ತಡೆಯುತ್ತದೆ; ಕಪ್ಪು ತನ್ನ ಪ್ರಾಣವನ್ನೇ ತೆತ್ತು ಬಲವನ್ನು ಕೊಳ್ಳುತ್ತದೆ; ಕೆಂಪು ಅವಸರದ್ದು, ಸುಡುವಂಥದು; ಹಸುರು ದೊಡ್ಡ ಜೀವಿಗಳನ್ನು ಬೆಳೆಸುತ್ತದೆ. ಯಾವ ಬಣ್ಣವೂ ಎಲ್ಲವನ್ನೂ ಮಾಡಲಾರದು. ಐದೂ ಬೇಕೆಂದು ಐದನ್ನೂ ಸೇರಿಸಿದವಳಿಗೆ ಬೇಕಾದ ಭೂಮಿಯು ಬೇಕಾದ ಹೊತ್ತಿಗೆ ಬಾರದು. ಆದಕಾರಣ ಹೊಸಬರು ಎರಡು ಬಣ್ಣಗಳಲ್ಲಿ ತೃಪ್ತಿ ಪಡುವುದು ಒಳಿತು.

ಕಟ್ಟನ್ನು ಕಟ್ಟುವುದು ಹೇಗೆ? ಇದರಲ್ಲಿ ಗಣಿತದ ಪಾಠವೊಂದು ಅಡಗಿದೆ. 60 ಎಲೆಗಳಲ್ಲಿ ಸುಮಾರು 24 ಭೂಮಿಗಳಿರಲಿ ಎಂಬುದು ಆಟಗಾರರ ವಾಡಿಕೆಯ ಲೆಕ್ಕ. ಆಗ ಮೊದಲ ಏಳು ಎಲೆಗಳಲ್ಲಿ ಸರಾಸರಿ 2.8 ಭೂಮಿಗಳು ಬರುತ್ತವೆ. ಸರಾಸರಿ ಎಂದರೆ ನಿಶ್ಚಯವಲ್ಲ. ನೂರು ಸಲ ಆಡಿದರೆ ಸುಮಾರು ಎರಡು ಸಲ ಒಂದು ಭೂಮಿಯೂ ಬಾರದೆ ಹೋಗುವುದು ಈ ಲೆಕ್ಕದಲ್ಲಿಯೇ ಸೇರಿದೆ. ಅಂಥ ವೇಳೆಯಲ್ಲಿ ಏಳು ಎಲೆಗಳನ್ನೂ ಹಿಂದಕ್ಕೆ ಹಾಕಿ, ಕಲಸಿ, ಮತ್ತೆ ಏಳನ್ನು ತೆಗೆದುಕೊಂಡು, ಅವುಗಳಲ್ಲಿ ಒಂದನ್ನು ಕಟ್ಟಿನ ಅಡಿಗೆ ಇಡಬೇಕೆಂಬ ನಿಯಮವುಂಟು. ಗೆಳತಿಯರು ಆಡುವಾಗ ಮೊದಲನೆಯ ಸಲ ಈ ದಂಡವನ್ನು ಬಿಟ್ಟುಬಿಡುವುದೂ ವಾಡಿಕೆಯೇ.

ಒಂದೇ ಹೆಸರಿನ ಎಲೆಯನ್ನು ನಾಲ್ಕಕ್ಕಿಂತ ಹೆಚ್ಚು ಇಡಬಾರದು; ಸಾಧಾರಣ ಭೂಮಿಗಳಿಗೆ ಮಾತ್ರ ಈ ಮಿತಿಯಿಲ್ಲ. ಈ ನಿಯಮವು ಮೊದಲು ಇರಲಿಲ್ಲ. ಪ್ರಬಲವಾದ ಒಂದೇ ಎಲೆಯನ್ನು ಹತ್ತು ಇಪ್ಪತ್ತು ಸೇರಿಸಿ ಆಡುವವರು ಕಾಣಿಸಿಕೊಂಡ ಮೇಲೆ, 1994ರಲ್ಲಿ ಪಂದ್ಯಗಳಿಗಾಗಿ ಇದನ್ನು ಗೊತ್ತುಪಡಿಸಿದರು. ಒಂದು ಎಲೆಯನ್ನು ಒಂದೇ ಒಂದು ಇಟ್ಟರೆ ಅದು ಮೊದಲ ಕೈಯಲ್ಲಿ ಬರುವ ಸಂಭವವು ನೂರಕ್ಕೆ ಸುಮಾರು 12. ನಾಲ್ಕು ಇಟ್ಟರೆ ನಾಲ್ಕರಲ್ಲಿ ಒಂದಾದರೂ ಬರುವ ಸಂಭವವು ನೂರಕ್ಕೆ ಸುಮಾರು 40. ಇದರ ಮೇಲೆ ಹೊಸಬರಿಗೆ ಒಂದು ಸುಲಭೋಪಾಯವನ್ನು ಹೇಳುವುದುಂಟು: 24 ಭೂಮಿಗಳು ಹೋಗಿ ಉಳಿದ 36ಕ್ಕೆ ಒಂಬತ್ತೇ ಬಗೆಯ ಎಲೆಗಳನ್ನು ಆರಿಸಿ, ಒಂದೊಂದನ್ನು ನಾಲ್ಕು ನಾಲ್ಕು ಇಡಿರಿ. ಅವುಗಳಲ್ಲಿ ಹೆಚ್ಚಿನವು ಎರಡು ಮೂರು ಬಲದ ಕ್ರಯದವಾಗಿರಲಿ. ಐದು ಆರರ ದೊಡ್ಡ ಎಲೆಗಳು ಕೆಲವೇ ಇರಲಿ. ದೊಡ್ಡ ಎಲೆಗಳನ್ನೇ ತುಂಬಿಕೊಂಡವಳು ಅವನ್ನು ಕೈಯಲ್ಲಿ ಹಿಡಿದುಕೊಂಡೇ ಸೋಲುತ್ತಾಳೆ. ಒಂಬತ್ತು ಬಗೆಗಳನ್ನಷ್ಟೇ ಆರಿಸಬೇಕೆಂದಾಗ, 'ಇದು ಚೆನ್ನಾಗಿದೆ' ಎಂಬ ಮಾತು ಸಾಲದೆ, 'ಇದು ಮಿಕ್ಕ ಎಂಟರೊಡನೆ ಹೊಂದುತ್ತದೆಯೇ?' ಎಂದು ಕೇಳಿಕೊಳ್ಳಬೇಕಾಗುತ್ತದೆ. ಪ್ರಬಂಧ ಬರೆಯುವ ಹುಡುಗಿಗೂ ನಾವು ಹೇಳುವುದು ಇದನ್ನೇ ಅಲ್ಲವೇ?

ಇನ್ನು ಹಣದ ವಿಚಾರಕ್ಕೆ ಬರೋಣ. ಈ ಎಲೆಗಳನ್ನು ಮುಚ್ಚಿದ ಪೊಟ್ಟಣಗಳಲ್ಲಿ ಮಾರುತ್ತಾರೆ. ಒಳಗೆ ಯಾವ ಎಲೆಯಿದೆಯೆಂಬುದು ಕೊಳ್ಳುವವರಿಗೆ ತಿಳಿಯದು. ಬಹುಕಾಲ ರೂಢಿಯಲ್ಲಿದ್ದ 15 ಎಲೆಗಳ ಪೊಟ್ಟಣದಲ್ಲಿ ಸಾಮಾನ್ಯವಾದವು 11, ಅಷ್ಟು ಸಾಮಾನ್ಯವಲ್ಲದವು 3, ವಿರಳವಾದದ್ದು 1 ಇರುತ್ತಿತ್ತು. 2024ರಿಂದ 14 ಎಲೆಗಳ ಬೇರೆ ಏರ್ಪಾಡು ಬಂದಿದೆ. ಜನರು ತಲಾ ಒಂದೆರಡು ಪೊಟ್ಟಣಗಳನ್ನು ಕೊಂಡು, ಗೆಳೆಯರೊಡನೆ ಬದಲಾಯಿಸಿಕೊಂಡು ಆಡುವರೆಂದು ಗಾರ್ಫೀಲ್ಡರು ಭಾವಿಸಿದ್ದರು. ಹಾಗಿದ್ದಲ್ಲಿ ಪ್ರಬಲವಾದ ವಿರಳ ಎಲೆಯು ಒಂದು ಊರಿನ ಆಟಗಾರರಲ್ಲಿ ಒಬ್ಬಿಬ್ಬರ ಬಳಿ ಮಾತ್ರ ಇರುತ್ತಿತ್ತು. ಅದರಿಂದ ಆಟಕ್ಕೆ ಕೆಡುಕಿರಲಿಲ್ಲ, ಕೌತುಕವೇ ಇತ್ತು. ಆದರೆ ನಡೆದದ್ದು ಬೇರೆ. ಕೈಯಲ್ಲಿ ಹಣವಿದ್ದವರು ಪೊಟ್ಟಣಗಳನ್ನು ಪೆಟ್ಟಿಗೆಗಟ್ಟಲೆ ಕೊಂಡರು. ವಿರಳತೆಯು ಆಟವನ್ನು ಸಮ ಮಾಡುವುದೆಂಬ ಲೆಕ್ಕವು ಹೀಗೆ ತಪ್ಪಿತು. ಹಿಂದೆ ಹೇಳಿದ ಬುತ್ತಿಯ ಹೋಲಿಕೆಯನ್ನು ನೆನಪಿಗೆ ತಂದುಕೊಳ್ಳಿರಿ: ಒಬ್ಬಳ ಬುತ್ತಿಯಲ್ಲಿ ಹೋಳಿಗೆ, ಇನ್ನೊಬ್ಬಳ ಬುತ್ತಿಯಲ್ಲಿ ಗಂಜಿ.

ಜೂಜಿನ ವಿಚಾರವನ್ನೂ ಮುಚ್ಚಿಡುವುದು ಬೇಡ. ಮೊದಲಿನ ನಿಯಮಗಳಲ್ಲಿ ಪಣವೂ ಇತ್ತು. ಆಟದ ಆರಂಭದಲ್ಲಿ ಒಬ್ಬೊಬ್ಬರೂ ತಮ್ಮ ಕಟ್ಟಿನಿಂದ ಒಂದು ಎಲೆಯನ್ನು ಪಕ್ಕಕ್ಕಿಟ್ಟು, ಗೆದ್ದವರು ಎರಡನ್ನೂ ತೆಗೆದುಕೊಂಡು ಹೋಗಬೇಕೆಂದು ಇತ್ತು. ಆಟಗಾರರಿಗೇ ಇದು ಹಿಡಿಸಲಿಲ್ಲ. ತಾನು ಆಸೆಪಟ್ಟು ಸಂಪಾದಿಸಿದ ಎಲೆಯನ್ನು ಒಂದು ಸೋಲಿಗೆ ಕಳೆದುಕೊಳ್ಳಲು ಯಾರು ತಾನೇ ಒಪ್ಪುವರು? ಪಣವು ಬೇಗನೆ ವಾಡಿಕೆ ತಪ್ಪಿತು; 1995ರ ತರುವಾಯ ಪಣಕ್ಕೆ ಸಂಬಂಧಪಟ್ಟ ಹೊಸ ಎಲೆಗಳನ್ನು ಅಚ್ಚು ಹಾಕಲಿಲ್ಲ. 1996ರಲ್ಲಿ ಜಪಾನಿನಲ್ಲಿ ಹೊರಬಂದ ಪೋಕೆಮಾನ್ ಎಲೆಯಾಟದಲ್ಲಿ ಇದಕ್ಕಿಂತ ಸೌಮ್ಯವಾದ ಕ್ರಮವಿದೆ. ಅದರಲ್ಲಿಯೂ 60 ಎಲೆಗಳೇ. ಒಬ್ಬೊಬ್ಬಳೂ ತನ್ನವೇ ಆರು ಎಲೆಗಳನ್ನು ಬಹುಮಾನವೆಂದು ಮುಚ್ಚಿಟ್ಟು, ಎದುರಾಳಿಯ ಜೀವಿಯನ್ನು ಸೋಲಿಸಿದಾಗ ಅವುಗಳಿಂದ ಎತ್ತಿಕೊಳ್ಳುತ್ತಾಳೆ. ಆರೂ ಮುಗಿದರೆ ಜಯ. ಗೆಲುವಿಗೆ ಬಹುಮಾನವೂ ದೊರೆಯಿತು, ಸೋತವಳ ಗಂಟೂ ಹೋಗಲಿಲ್ಲ.

ಆಟದೊಳಗಿನ ಪಣವು ಹೋದರೂ ಪೊಟ್ಟಣ ಒಡೆಯುವಾಗಿನ ಪಣವು ಹೋಗಲಿಲ್ಲ. ಮುಂದಿನ ಪೊಟ್ಟಣದಲ್ಲಿ ಬರಬಹುದು, ಅದರ ಮುಂದಿನದರಲ್ಲಿ ಬರಬಹುದು ಎಂಬ ಆಸೆಯಿಂದ ಕೊಳ್ಳುತ್ತ ಹೋಗುವುದಕ್ಕೂ ಲಾಟರಿಗೂ ಬಹಳ ದೂರವಿಲ್ಲ. 1993ರ ಮೊದಲ ಮುದ್ರಣದ 'ಬ್ಲ್ಯಾಕ್ ಲೋಟಸ್' ಎಂಬ ಎಲೆಯ ಒಂದು ಪ್ರತಿಯು 2021ರಲ್ಲಿ ಐದು ಲಕ್ಷ ಡಾಲರಿಗಿಂತ ಹೆಚ್ಚಿಗೆ ಹರಾಜಾಯಿತು. ಹಾಗೆ ಕೊಂಡ ಎಲೆಯನ್ನು ಯಾರೂ ಆಡುವುದಿಲ್ಲ, ಪೆಟ್ಟಿಗೆಯಲ್ಲಿಡುತ್ತಾರೆ.

ಎಲೆಯು ಆಸ್ತಿಯಾದರೆ ಏನಾಗುವುದೆಂಬುದಕ್ಕೆ 2024ರಲ್ಲಿ ಒಂದು ದೃಷ್ಟಾಂತವು ದೊರೆಯಿತು. ಈ ಆಟದಲ್ಲಿ 'ಕಮಾಂಡರ್' ಎಂಬ ಬಗೆಯೊಂದುಂಟು. ಅದರಲ್ಲಿ ಒಬ್ಬೊಬ್ಬರಿಗೆ 100 ಎಲೆಗಳು, ಸಾಧಾರಣ ಭೂಮಿಗಳ ಹೊರತು ಎಲ್ಲವೂ ಬೇರೆ ಬೇರೆ, ಪ್ರಾಣಾಂಕ 40, ವಾಡಿಕೆಯಾಗಿ ನಾಲ್ವರು ಸುತ್ತಲೂ ಕೂತು ಆಡುವುದು. ಸ್ನೇಹದ ಆಟಕ್ಕೆಂದೇ ಹುಟ್ಟಿದ ಈ ಬಗೆಯ ನಿಯಮಗಳನ್ನು ಆಟಗಾರರದೇ ಒಂದು ಚಿಕ್ಕ ಮಂಡಲಿಯು ನೋಡಿಕೊಳ್ಳುತ್ತಿತ್ತು. 2024ರ ಸೆಪ್ಟೆಂಬರಿನಲ್ಲಿ ಆ ಮಂಡಲಿಯು ಆಟವನ್ನು ಕೆಡಿಸುತ್ತಿವೆಯೆಂದು ನಾಲ್ಕು ಎಲೆಗಳನ್ನು ನಿಷೇಧಿಸಿತು. ಅವುಗಳಲ್ಲಿ ಕೆಲವು ಬಹಳ ಬೆಲೆಯವು. ಒಂದೇ ದಿನದಲ್ಲಿ ಬೆಲೆ ಬಿದ್ದುಹೋದುದರಿಂದ ಅನೇಕರು ಕೆರಳಿದರು. ಮಂಡಲಿಯವರಿಗೆ ಬೆದರಿಕೆಗಳೂ ಬಂದುವು. ಒಂದು ವಾರದೊಳಗೆ ಮಂಡಲಿಯು ತನ್ನ ಅಧಿಕಾರವನ್ನು ಆಟದ ಪ್ರಕಾಶಕರಾದ ವಿಝರ್ಡ್ಸ್ ಆಫ್ ದಿ ಕೋಸ್ಟ್ ಸಂಸ್ಥೆಗೆ ಒಪ್ಪಿಸಿಬಿಟ್ಟಿತು. ಆಟವು ಚೆನ್ನಾಗಿರಬೇಕೆಂದು ಮಾಡಿದ ನಿಯಮಕ್ಕೆ ಆಟಗಾರರೇ ಕತ್ತಿ ಮಸೆದದ್ದೇಕೆ? ಅವರ ಕೈಯಲ್ಲಿ ಇದ್ದದ್ದು ಆಟದ ಎಲೆಯಾಗಿ ಉಳಿಯದೆ ಹಣದ ನೋಟಾಗಿದ್ದದರಿಂದಲೇ.

ಹಾಗಾದರೆ ಆಟವನ್ನೇ ಬಿಡಬೇಕೇ? ಬೇಕಿಲ್ಲ. ಬುತ್ತಿಯಲ್ಲಿ ಭೇದವಿದ್ದರೆ ಗೆಳತಿಯರು ಊಟ ಬಿಡುವುದಿಲ್ಲ. ಹಂಚಿಕೊಂಡು ತಿನ್ನುವ ಕ್ರಮವನ್ನು ಕಂಡುಕೊಳ್ಳುತ್ತಾರೆ. ಆಟಗಾರರೂ ಹಾಗೆಯೇ ನಾಲ್ಕು ಕ್ರಮಗಳನ್ನು ಕಂಡುಕೊಂಡಿದ್ದಾರೆ.

ಮೊದಲನೆಯದು, ಸಾಮಾನ್ಯವಾದ ಎಲೆಗಳಿಂದ ಮಾತ್ರ ಕಟ್ಟು ಕಟ್ಟುವುದು. ಇದಕ್ಕೆ 'ಪಾಪರ್' ಎಂದು, ಅಂದರೆ ಬಡವನ ಆಟವೆಂದು, ಹೆಸರು. ಹೆಸರು ಹಾಗಿದ್ದರೂ ಆಟವು ಬಡವಲ್ಲ; 2019ರಲ್ಲಿ ಪ್ರಕಾಶಕರೇ ಕಾಗದದ ಎಲೆಗಳ ಆಟಕ್ಕೂ ಇದನ್ನು ಅಂಗೀಕರಿಸಿದರು. ಎರಡನೆಯದು, ಆಡುವ ಮುಂಚೆ ಮಾತಾಡಿಕೊಳ್ಳುವುದು. ನನ್ನ ಕಟ್ಟು ಎಷ್ಟು ಬಲವುಳ್ಳದ್ದು, ಬೇಗ ಮುಗಿಸುವಂಥದೋ ನಿಧಾನದ್ದೋ, ನಿಮ್ಮದು ಹೇಗೆ, ಎಂದು ಪ್ರಾಮಾಣಿಕವಾಗಿ ಹೇಳಿಕೊಳ್ಳಬೇಕು. ಕಮಾಂಡರ್ ಆಟದವರು ಈ ಮಾತುಕತೆಗೆ ಅನುಕೂಲವಾಗಲೆಂದು 2025ರಲ್ಲಿ ಕಟ್ಟುಗಳನ್ನು ಬಲಾನುಸಾರವಾಗಿ ಐದು ದರ್ಜೆಗಳಾಗಿ ವಿಂಗಡಿಸುವ ಕ್ರಮವನ್ನೂ ತಂದರು. ದರ್ಜೆಯ ಅಂಕೆಗಿಂತ ಹೇಳುವವಳ ಸತ್ಯವೇ ಮುಖ್ಯ.

ಮೂರನೆಯದು, ಎಲ್ಲರಿಗೂ ಸೇರಿದ ಒಂದೇ ಪೆಟ್ಟಿಗೆಯನ್ನು ಇಟ್ಟುಕೊಳ್ಳುವುದು. ಇದನ್ನು 'ಕ್ಯೂಬ್' ಎನ್ನುತ್ತಾರೆ. ಒಂದೊಂದೇ ಪ್ರತಿಯಂತೆ ಬೇರೆ ಬೇರೆ 360 ಎಲೆಗಳಿದ್ದರೆ ಎಂಟು ಮಂದಿ ಆಡಬಹುದು. ಒಬ್ಬೊಬ್ಬರ ಮುಂದೆ 15 ಎಲೆಗಳ ಮೂರು ಗುಂಪುಗಳನ್ನಿಡುತ್ತಾರೆ. ಮೊದಲ ಗುಂಪನ್ನು ಕೈಗೆತ್ತಿಕೊಂಡು, ತನಗೆ ಬೇಕಾದ ಒಂದು ಎಲೆಯನ್ನು ಇಟ್ಟುಕೊಂಡು ಉಳಿದುದನ್ನು ಪಕ್ಕದವಳಿಗೆ ದಾಟಿಸಬೇಕು. ಹೀಗೆ ಎಲ್ಲ ಗುಂಪುಗಳೂ ಮುಗಿದಾಗ ಒಬ್ಬೊಬ್ಬಳ ಬಳಿ 45 ಎಲೆಗಳಿರುತ್ತವೆ. ಅವುಗಳಲ್ಲಿ ಸುಮಾರು 23ನ್ನು ಆರಿಸಿ, 17 ಭೂಮಿಗಳನ್ನು ಸೇರಿಸಿ 40 ಎಲೆಗಳ ಕಟ್ಟು ಮಾಡಿಕೊಂಡು ಆಡುವುದು. ಆಟ ಮುಗಿದ ಮೇಲೆ ಎಲ್ಲವೂ ಪೆಟ್ಟಿಗೆಗೆ ವಾಪಸು. ಇಲ್ಲಿ ತಂದೆಯ ಸಂಬಳವು ಯಾರ ಕೈಯನ್ನೂ ಬಲಪಡಿಸಲಾರದು. ವಿದ್ಯಾರ್ಥಿನಿಲಯಗಳಿಗೆ ಇದಕ್ಕಿಂತ ತಕ್ಕ ಕ್ರಮವು ನನಗೆ ತೋರದು.

ನಾಲ್ಕನೆಯದು, ಇಲ್ಲದ ಎಲೆಯನ್ನು ಕೈಯಿಂದ ಬರೆದು ಮಾಡಿಕೊಳ್ಳುವುದು. ಇಂಥವನ್ನು 'ಪ್ರಾಕ್ಸಿ', ಅಂದರೆ ಬದಲಿ ಎಲೆ, ಎನ್ನುತ್ತಾರೆ. ಇದು ಸರಿಯೇ ಎಂಬ ಸಂಶಯವು ಒಳ್ಳೆಯ ಮಕ್ಕಳಿಗೆ ಬರುವುದುಂಟು. ಬದಲಿ ಎಲೆಯೂ ಖೋಟಾ ಎಲೆಯೂ ಒಂದೇ ಅಲ್ಲ. ನೋಡಿದವರು ಅಸಲೆಂದು ನಂಬಲಿ ಎಂದು ಮಾಡಿ ಮಾರುವುದು ಖೋಟಾ; ಅದು ಮೋಸ. ಇದು ನಾನು ಬರೆದದ್ದೆಂದು ಎಲ್ಲರಿಗೂ ಕಾಣುವಂತೆ ಬರೆದು, ಗೆಳತಿಯ ಒಪ್ಪಿಗೆ ಪಡೆದು ಆಡುವುದು ಬದಲಿ, ಅದರಲ್ಲಿ ಮೋಸವಿಲ್ಲ. 2016ರಲ್ಲಿ ಪ್ರಕಾಶಕರು ಕೂಡ ತಮ್ಮ ಅಧಿಕೃತ ಪಂದ್ಯಗಳಲ್ಲಿ ಅಸಲು ಎಲೆಗಳೇ ಬೇಕೆಂದೂ, ಮಾರಾಟದ ಉದ್ದೇಶವಿಲ್ಲದೆ ಸ್ವಂತ ಆಟಕ್ಕಾಗಿ ಬರೆದುಕೊಂಡ ಪರೀಕ್ಷೆಯ ಎಲೆಗಳ ಮೇಲೆ ತಮ್ಮ ಆಕ್ಷೇಪವಿಲ್ಲವೆಂದೂ ಸಾರಿದರು. ಅದೇ ಸಂಸ್ಥೆಯು 2022ರಲ್ಲಿ ಹಳೆಯ ಎಲೆಗಳ ಹೊಸ ಅಚ್ಚನ್ನು, ನಾಲ್ಕು ಪೊಟ್ಟಣಗಳಲ್ಲಿ ಒಟ್ಟು 60 ಎಲೆಗಳಂತೆ, 999 ಡಾಲರುಗಳಿಗೆ ಮಾರಿತು. ಆ ಎಲೆಗಳೂ ಪಂದ್ಯಗಳಲ್ಲಿ ಸಲ್ಲವು. ಪಂದ್ಯಕ್ಕೆ ಸಲ್ಲದ ಎಲೆಯೇ ಆಗಬೇಕಾದರೆ ಪೆನ್ಸಿಲು ಅಗ್ಗವಲ್ಲವೇ?

ಮಾಡುವ ಕ್ರಮ ಹೀಗೆ. ಒಂದು ಎಲೆಯ ಅಳತೆಯು 63 ಮಿಲ್ಲಿಮೀಟರು ಅಗಲ, 88 ಮಿಲ್ಲಿಮೀಟರು ಉದ್ದ. ಸಾಮಾನ್ಯವಾಗಿ ದೊರೆಯುವ ಏ-ನಾಲ್ಕು ಅಳತೆಯ ಹಾಳೆಯಲ್ಲಿ ಮೂರು ಸಾಲು, ಸಾಲಿಗೆ ಮೂರರಂತೆ ಒಂಬತ್ತು ಎಲೆಗಳು ಹಿಡಿಯುತ್ತವೆ. ಏಳು ಹಾಳೆಗಳಿಗೆ 63. ಅಂದರೆ ಒಂದು ಕಟ್ಟಾಗಿ, ಕೆಟ್ಟುಹೋದರೆ ಇರಲೆಂದು ಮೂರು ಉಳಿಯುತ್ತವೆ. ತಲೆಯ ಮೇಲೆ ಎಡಗಡೆ ಹೆಸರು, ಬಲಗಡೆ ಕ್ರಯ, ನಡುವೆ ಚಿತ್ರ, ಕೆಳಗೆ ಎಲೆಯ ಕೆಲಸವೇನೆಂಬುದು, ಬಲಗಡೆಯ ಮೂಲೆಯಲ್ಲಿ ಜೀವಿಯ ಪೆಟ್ಟು ಮತ್ತು ತಾಳಿಕೆಯ ಅಂಕೆಗಳು. ತೆಳ್ಳನೆಯ ಹಾಳೆಯು ಕಲಸಲು ಬಾರದು. ಆದುದರಿಂದ ಹಳೆಯ ಇಸ್ಪೀಟಿನ ಎಲೆಯ ಮುಂದೆ ಈ ಚೀಟಿಯನ್ನಿಟ್ಟು, ಎರಡನ್ನೂ ಒಂದೇ ಬಣ್ಣದ ಚಿಕ್ಕ ಪ್ಲಾಸ್ಟಿಕ್ ಚೀಲದಲ್ಲಿ ಸೇರಿಸಬೇಕು. ಚೀಲದ ಬೆನ್ನು ಪಾರದರ್ಶಕವಾಗಿರಬಾರದು. ಎಲ್ಲ ಎಲೆಗಳ ಬೆನ್ನೂ ಒಂದೇ ತೆರನಾಗಿರಬೇಕು. ಒಂದಕ್ಕೆ ಮಸಿಯ ಕಲೆ, ಇನ್ನೊಂದಕ್ಕೆ ಮಡಿಕೆ ಇದ್ದರೆ ತಿಳಿಯದೆಯೇ ಗುರುತು ಹಿಡಿದಂತಾಗುವುದು.

ಕೈಯಿಂದ ಮಾಡಿದ ಎಲೆಗಳಿಗೆ ಇನ್ನೊಂದು ಲಾಭವುಂಟು. ಅಚ್ಚಿನ ಎಲೆಗಳು ಇಂಗ್ಲಿಷು, ಫ್ರೆಂಚು, ಜರ್ಮನ್, ಜಪಾನೀ ಮುಂತಾದ ಭಾಷೆಗಳಲ್ಲಿ ಹೊರಬಂದಿವೆ; 2001ರಲ್ಲಿ ವಿಶೇಷಕ್ಕಾಗಿ ಒಂದು ಎಲೆಯನ್ನು ಸಂಸ್ಕೃತದಲ್ಲಿಯೂ ಅಚ್ಚು ಹಾಕಿದ್ದುಂಟು. ಕನ್ನಡದಲ್ಲಿ ಅಚ್ಚಾದ ಎಲೆಯಿಲ್ಲ. ಆದರೆ ಬರೆಯುವ ಕೈ ನಮ್ಮದೇ ಆದ ಮೇಲೆ ಭಾಷೆಯೂ ನಮ್ಮದೇ ಆಗಬಹುದಷ್ಟೆ. ಎಲೆಯ ನಿಯಮವನ್ನು ಎರಡು ಸಾಲಿನೊಳಗೆ, ಎರಡು ಅರ್ಥ ಬಾರದಂತೆ ಕನ್ನಡದಲ್ಲಿ ಬರೆಯುವುದು ಎಷ್ಟು ಕಷ್ಟವೆಂಬುದನ್ನು ಪ್ರಯತ್ನಿಸಿದವರೇ ಬಲ್ಲರು. 'ಬೇಕಾದರೆ ತೆಗೆಯಬಹುದು' ಎಂಬುದಕ್ಕೂ 'ತೆಗೆಯಲೇಬೇಕು' ಎಂಬುದಕ್ಕೂ ಇರುವ ಅಂತರವನ್ನು ವ್ಯಾಕರಣದ ಗಂಟೆಯಲ್ಲಿ ಕಲಿಯದವಳು ಇಲ್ಲಿ ಒಂದು ಆಟ ಸೋತು ಕಲಿಯುತ್ತಾಳೆ. ಇಂಗ್ಲಿಷು ಬಾರದ ಕಾರಣದಿಂದ ಬದಿಯಲ್ಲಿ ನಿಂತು ನೋಡುತ್ತಿದ್ದವಳು ಆಟದೊಳಗೆ ಬಂದು ಕೂಡುತ್ತಾಳೆ.

ಎಲೆಗಳನ್ನು ಕೈಯಿಂದ ಬರೆಯುವುದು ನಮ್ಮ ನಾಡಿಗೆ ಹೊಸತೇನೂ ಅಲ್ಲ. ಮೈಸೂರಿನ ಗಂಜೀಫಾ ಎಲೆಗಳನ್ನು ಕೇಳದವರು ವಿರಳ. ದುಂಡಗಿನ ಆ ಎಲೆಗಳ ಮೇಲೆ ಚಿತ್ರಕಾರರು ಒಂದೊಂದನ್ನೂ ಬಣ್ಣದಿಂದ ಬರೆಯುತ್ತಿದ್ದರು. ಮೊಗಲರ ಗಂಜೀಫಾದಲ್ಲಿ ಎಂಟು ರಂಗುಗಳು, ರಂಗಿಗೆ 12ರಂತೆ 96 ಎಲೆಗಳು. ದಶಾವತಾರದ ಕಟ್ಟಿನಲ್ಲಿ ಹತ್ತು ರಂಗುಗಳು, 120 ಎಲೆಗಳು. ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) ಇವುಗಳಿಂದ ತೃಪ್ತರಾಗದೆ ತಾವೇ ಹಲವು ಹೊಸ ಎಲೆಯಾಟಗಳನ್ನು ಕಲ್ಪಿಸಿದರು. ಅವುಗಳ ವಿವರವು 'ಶ್ರೀತತ್ತ್ವನಿಧಿ'ಯ ಕೌತುಕನಿಧಿಯೆಂಬ ಭಾಗದಲ್ಲಿದೆ. ಇವೆಲ್ಲ ಒಂದೇ ಕಟ್ಟಿನಿಂದ ಹಂಚಿ ಆಡುವ ಆಟಗಳು. ನಾವು ಹೇಳುತ್ತಿರುವುದಕ್ಕಿಂತ ಬೇರೆ ಜಾತಿಯವು. ಆದರೂ ಆಟವನ್ನು ಅಂಗಡಿಯಿಂದ ತರುವುದಷ್ಟೇ ಅಲ್ಲ, ಕಲ್ಪಿಸಿ ಬರೆಯಲೂಬಹುದು ಎಂಬ ಮಾತಿಗೆ ಅವು ಸಾಕ್ಷಿಯಾಗಿವೆ.

ಕಡೆಗೆ, ಆಡುವ ರೀತಿಯನ್ನು ಕುರಿತು ಕೆಲವು ಮಾತು. ಪಂದ್ಯದ ಆಟ ಬೇರೆ, ಗೆಳತಿಯರ ಆಟ ಬೇರೆ. ಪಂದ್ಯದಲ್ಲಿ ಕೆಳಗಿಟ್ಟ ಎಲೆಯನ್ನು ಹಿಂದಕ್ಕೆ ತೆಗೆಯಲಾಗದು. ಗೆಳತಿಯರಲ್ಲಿ, ಹೊಸಬಳು ನಿಯಮವನ್ನು ತಿಳಿಯದೆ ಇಟ್ಟರೆ, ಮುಂದಿನ ಎಲೆ ಬೀಳುವ ಮುಂಚೆ ಹಿಂದಕ್ಕೆ ತೆಗೆದುಕೊಳ್ಳಲು ಬಿಡಬೇಕು. ತನ್ನ ಎಲೆಯನ್ನು ಕೆಳಗಿಡುವಾಗ ಅದರ ಹೆಸರನ್ನೂ ಕೆಲಸವನ್ನೂ ಗಟ್ಟಿಯಾಗಿ ಓದಬೇಕು. ಎದುರಾಳಿಯು ಓದಿ ನೋಡುತ್ತೇನೆಂದರೆ ಬೇಸರಿಸದೆ ಕೊಡಬೇಕು. ಪ್ರಾಣಾಂಕಗಳನ್ನು ಇಬ್ಬರೂ ಕಾಗದದ ಮೇಲೆ ಬರೆದಿಟ್ಟುಕೊಂಡರೆ ಜಗಳವಿಲ್ಲ. ಒಂದೇ ಆಟದಿಂದ ಬಲಾಬಲ ತಿಳಿಯದು; ಮೂರು ಆಟಗಳಲ್ಲಿ ಎರಡು ಗೆದ್ದವಳು ಗೆದ್ದಂತೆಂದು ಇಟ್ಟುಕೊಳ್ಳಬೇಕು. ಒಬ್ಬಳೇ ಸತತವಾಗಿ ಗೆಲ್ಲುತ್ತಿದ್ದರೆ ಕಟ್ಟುಗಳನ್ನು ಅದಲುಬದಲು ಮಾಡಿಕೊಂಡು ಆಡಿರಿ. ಗೆಲುವು ಕಟ್ಟಿನದೋ ಆಡಿದವಳದೋ ಎಂಬುದು ಆಗ ತಾನಾಗಿ ಹೊರಬೀಳುವುದು.

ಎಲೆ ಬದಲಾಯಿಸಿಕೊಳ್ಳುವಾಗ ವಿಶೇಷ ಎಚ್ಚರಿಕೆ ಬೇಕು. ದೊಡ್ಡ ತರಗತಿಯ ಹುಡುಗಿಗೆ ಎಲೆಯ ಬೆಲೆ ಗೊತ್ತು. ಸಣ್ಣವಳಿಗೆ ಚಿತ್ರದ ಅಂದ ಮಾತ್ರ ಗೊತ್ತು. ಆಮೇಲೆ ತಿಳಿದು ಅಳುವಂಥ ವ್ಯಾಪಾರವನ್ನು ಮಾಡಬಾರದು. ಬದಲಾಯಿಸಿಕೊಳ್ಳುವುದನ್ನು ಮೂರನೆಯವಳೊಬ್ಬಳ ಎದುರಿನಲ್ಲಿ ಮಾಡಿ, ಮರುದಿನ ಸಂಜೆಯವರೆಗೆ ಮನಸ್ಸು ಬದಲಾಯಿಸಲು ಅವಕಾಶವಿಟ್ಟರೆ, ನ್ಯಾಯವಾದ ವ್ಯಾಪಾರಕ್ಕೆ ಅದರಿಂದ ಯಾವ ಬಾಧಕವೂ ಇಲ್ಲ.

ಪೋಷಕರ ಎರಡು ಪ್ರಶ್ನೆಗಳಿಗೆ ಈಗ ಉತ್ತರ ಹೇಳಬಹುದು. ಈ ಆಟವು ಜೂಜೇ ಎಂದರೆ, ಪಣವಿಲ್ಲದೆ ಗೆಳತಿಯರೊಡನೆ ಆಡುವುದು ಜೂಜಲ್ಲ; ಮುಚ್ಚಿದ ಪೊಟ್ಟಣಗಳನ್ನು ಆಸೆಯಿಂದ ಒಡೆಯುತ್ತ ಹೋಗುವುದರಲ್ಲಿ ಜೂಜಿನ ಅಂಶವಿದೆ. ಇಷ್ಟು ಹಣವೇಕೆ ಎಂದರೆ, ಆಟಕ್ಕೆ ಅದು ಬೇಕಾಗಿಯೇ ಇಲ್ಲ. ಬೇಕಾದ ಎಲೆಯನ್ನು ಪೊಟ್ಟಣದಲ್ಲಿ ಹುಡುಕುವ ಬದಲು, ಸಾಮಾನ್ಯವಾದ ಎಲೆಗಳನ್ನು ಬಿಡಿಬಿಡಿಯಾಗಿ ಕೊಂಡರೆ ಖರ್ಚು ಅಲ್ಪ; ಬರೆದುಕೊಂಡರೆ ಏಳು ಹಾಳೆ ಮತ್ತು ಎರಡು ಭಾನುವಾರಗಳ ಮಧ್ಯಾಹ್ನ. ವಿದ್ಯಾರ್ಥಿನಿಯರೇ, ಈ ಮಳೆಗಾಲದಲ್ಲಿ ಕಟ್ಟು ಕಟ್ಟುವ ಮನಸ್ಸಾದರೆ ಇಬ್ಬಿಬ್ಬರು ಜೊತೆಯಾಗಿ ಕೂತು ಎರಡು ಕಟ್ಟುಗಳನ್ನು ಮಾಡಿರಿ. ಒಂದು ನಿಮಗೆ; ಇನ್ನೊಂದು, ಕಟ್ಟಿಲ್ಲದ ಕಾರಣದಿಂದ ಆಟಕ್ಕೆ ಬಾರದೆ ದೂರ ಕುಳಿತವಳಿಗೆ. ಈ ಆಟವನ್ನು ಒಬ್ಬಳೇ ಆಡಲಾಗದೆಂಬುದನ್ನು ಮರೆಯಬೇಡಿರಿ.